ಶಹರ್ಬಾನು ಟೀಚರ ಓದೋ ಮಷೀನು

ಗುರುವಂದನೆ ಎಂಬ ಮಾತು ಕಿವಿಗೆ ಬಿದ್ದರೆ ಈಗ ನಾನು ಎದ್ದು ಹೋಗುತ್ತೇನೆ. ಶಾಲು, ಹಣ್ಣಿನ ಬುಟ್ಟಿ, ಪೇಟ, ಫ್ಲೆಕ್ಸು, ಫ್ಲೆಕ್ಸಿನ ತುಂಬ ಕೈಮುಗಿದು ನಿಂತವರ ಮುಖ. ಗುರುವಿನ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಮಾಡುವವರು ಕೆಟ್ಟವರಲ್ಲ ಎಂದು ಶಹರ್ಬಾನು ಟೀಚರ್ ಹೇಳುತ್ತಾರೆ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು.

ನಾನು ರೇಖಾ. ವಿನೋಬನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಟೀಚರ ಮನೆ ನಮ್ಮ ಮನೆಗೆ ಎದುರು. ತಮ್ಮ ಮುದಸ್ಸಿರ್, ಅವನ ಹೆಂಡತಿ ನುಜತ್, ಕಾಲೇಜಿಗೆ ಹೋಗುವ ಅವರಿಬ್ಬರ ಮಗಳು ಫಿಜಾ, ಇವರ ಜೊತೆ ಟೀಚರ್ ಇರುತ್ತಾರೆ. ಮದುವೆ ಯಾಕೆ ಆಗಲಿಲ್ಲ ಎಂದು ಓಣಿಯ ಹೆಂಗಸರು ಕೇಳಿ ಕೇಳಿ ಸೋತರು. "ಪುಸ್ತಕ ಓದ್ಕಂತ ಕುಂತಿದ್ದೆ, ಮರ್ತೋತು" ಎನ್ನುತ್ತಿದ್ದರು. ನಗಿಸಲು ಹೇಳುತ್ತಿದ್ದರೋ ನಿಜವೋ, ನನಗಂತೂ ನಿಜ ಎಂದೇ ಅನ್ನಿಸುತ್ತಿತ್ತು.

ಅವರು ಹರಿಹರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ದಿನಾ ನಮ್ಮೂರಿಂದ ಬಸ್ಸಿನಲ್ಲೇ ಹೋಗಿ ಬಂದರು, ಹೋಗುವಾಗಲೂ ಬರುವಾಗಲೂ ಓದಿದರು. ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ನಿಂತು ಓದುತ್ತಿದ್ದರು. ಒಮ್ಮೆ ಹುಬ್ಬಳ್ಳಿ ಬಸ್ಸು ಹತ್ತಿ, ಕಾದಂಬರಿ ತೆರೆದು, ಹರಿಹರ ಬಂದದ್ದೂ ಹೋದದ್ದೂ ಗೊತ್ತಾಗದೆ ರಾಣೇಬೆನ್ನೂರಿನಲ್ಲಿ ತಲೆ ಎತ್ತಿದರಂತೆ. ಅವತ್ತು ರಜೆ ಬರೆದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಪುಸ್ತಕ ಮುಗಿಸಿಯೇ ಬಂದರು. ನನಗೆ ಓದಿನ ಹುಚ್ಚು ಹಿಡಿಸಿದವರೂ ಅವರೇ. ಗಂಡ ಸತ್ತ ವರ್ಷ ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಟೀಚರ್ ಬಂದು ಸಮಾಧಾನದ ಒಂದು ಮಾತೂ ಆಡದೆ ಹೊಲಿಗೆ ಮಷೀನಿನ ಮೇಲೆ ಒಂದು ಕಾದಂಬರಿ ಇಟ್ಟು ಹೋದರು. ಅದಕ್ಕಾಗಿ ಅವರನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಿವೃತ್ತಿಯಾದ ಮೇಲೆ ಬೇಕಾದಷ್ಟು ಓದಬಹುದು ಎಂದುಕೊಂಡಿದ್ದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮೊದಲು ಪತ್ರಿಕೆಯ ಸಣ್ಣಕ್ಷರ ಹೋಯಿತು, ಆಮೇಲೆ ಪುಸ್ತಕದ್ದು. ಭೂತಗನ್ನಡಿ ತಂದರು. ಒಂದು ಸಾಲು ಓದಿ ಮುಂದಿನ ಸಾಲು ಹುಡುಕುವ ಹೊತ್ತಿಗೆ ಹಿಂದಿನದು ಮರೆಯುತ್ತಿತ್ತು. ಕೊನೆಗೆ ಮಧ್ಯಾಹ್ನ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದರು, ನಾನು ಓದಿ ಹೇಳಬೇಕು. ಗಿರಾಕಿಗಳ ಗಡಿಬಿಡಿಯಲ್ಲಿ ನಾನು ಒಂದೊಂದು ಪ್ಯಾರಾ ಹಾರಿಸುತ್ತಿದ್ದೆ. "ನಡುವೆ ಏನೋ ಬಿಟ್ಟೆ ನೀನು" ಎಂದು ತಕ್ಷಣ ಹಿಡಿಯುತ್ತಿದ್ದರು. ಬೇರೆಯವರ ಬಾಯಿಂದ ಕೇಳುವುದು ಅವರಿಗೆ ಬೇರೆಯವರ ಕೈಯಿಂದ ಉಣ್ಣಿಸಿಕೊಂಡಂತೆ ಆಗುತ್ತಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು.

ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರು ಒಂದು ದಾರಿ ಹೇಳಿದರು. "ಪುಸ್ತಕ ಓದೋಕೇ ಅಂತ ಮಷೀನು ಬರ್ತಾವೆ ಟೀಚರ್. ಅಕ್ಷರ ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಕಬಹುದು. ನನ್ ಹತ್ರಾನೂ ಒಂದೈತೆ" ಎಂದು ಡ್ರಾಯರಿನಿಂದ ತಮ್ಮದನ್ನು ತೆಗೆದು ತೋರಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡದು, ಪಕ್ಕದಲ್ಲಿ ಪುಟ ತಿರುಗಿಸುವ ಗುಂಡಿ. ಡಾಕ್ಟರು ಅದರಲ್ಲಿ ಇಂಗ್ಲಿಷಿನ ಕೊಲೆ ಕಥೆ ಓದುತ್ತಿದ್ದರು. ಜೊತೆಗೆ ಬಂದಿದ್ದ ಫಿಜಾ ಅದಕ್ಕೆ ಒಂದು ಕನ್ನಡ ಪುಸ್ತಕ ಹಾಕಿದಳು. ಒತ್ತಕ್ಷರಗಳೆಲ್ಲ ಕೆಳಗೆ ಇಳಿಯದೆ ಪಕ್ಕಕ್ಕೆ ಬಂದು ಕೂತಿದ್ದವು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ನಾನು ಕನ್ನಡ ಹಾಕಿ ನೋಡೇ ಇಲ್ಲ ನೋಡ್ರಿ" ಎಂದರು. ನೋಡಿರುವುದಿಲ್ಲ, ಯಾಕೆ ನೋಡುತ್ತಾರೆ?

ಆಮೇಲೆ ನಾನೂ ಟೀಚರೂ ಕೆ.ಬಿ. ಬಡಾವಣೆಯ ಒಂದು ದೊಡ್ಡ ಮೊಬೈಲ್ ಅಂಗಡಿಗೆ ಹೋದೆವು. ಪುಸ್ತಕ ಓದುವ ಮಷೀನು ಬೇಕು ಎಂದೆ.

"ಓದೋಕೆ ಅಂದ್ರೆ? ಬರೀ ಓದೋಕಾ?" ಎಂದ ಅಂಗಡಿಯವನು.

"ಹೂಂ, ಬರೀ ಓದೋಕೆ."

"ಬರೀ ಓದೋಕೆ ಯಾರು ತಗಂತಾರ್ರಿ ಮೇಡಂ! ಅವು ಬ್ಲ್ಯಾಕ್ ಅಂಡ್ ವೈಟು, ಹಳೇ ಟಿವಿ ಇದ್ದಂಗೆ. ಪುಟ ತಿರುವಿದ್ರೆ ಒಂದ್ಸಲ ಕಪ್ಪಾಗಿ ಆಮೇಲೆ ಬರ್ತೈತೆ. ನಾವು ಇಟ್ಟೇ ಇಲ್ಲ. ಇದು ನೋಡ್ರಿ ಟ್ಯಾಬು. ಕಲರು. ಸಿನಿಮಾ ನೋಡ್ಬಹುದು, ವಿಡಿಯೋ ಕಾಲ್ ಮಾಡ್ಬಹುದು."

"ನನಗೆ ಪುಸ್ತಕ ಸಾಕಪ್ಪ" ಎಂದರು ಟೀಚರ್.

ಅವನು ಕೇಳಿಸಿಕೊಳ್ಳಲೇ ಇಲ್ಲ. ಟ್ಯಾಬಿನ ಬೆಳಕು ಪೂರ್ತಿ ಹೆಚ್ಚಿಸಿ ಅವರ ಮುಖಕ್ಕೆ ಹಿಡಿದ. ಟೀಚರ್ ಕಣ್ಣು ಮುಚ್ಚಿಕೊಂಡರು, ಎರಡೂ ಕಣ್ಣಲ್ಲಿ ನೀರು ಸುರಿಯಿತು. "ಅಭ್ಯಾಸ ಆಗ್ತೈತ್ರಿ" ಎಂದ ಪುಣ್ಯಾತ್ಮ. ಬೆಳಕು ತಗ್ಗಿಸಿ ನೋಡಿದೆವು, ಕರಿಯ ಹಿನ್ನೆಲೆಗೆ ಬಿಳಿ ಅಕ್ಷರ ಮಾಡಿ ನೋಡಿದೆವು. ಚುಚ್ಚುತ್ತದೆ ಎಂದರು. ಹಿಡಿದುಕೊಂಡರೆ ಮಣಿಕಟ್ಟೂ ನೋಯುತ್ತಿತ್ತು. ನಾವು ಎದ್ದು ಬರುವಾಗ ಅವನು ಹಿಂದಿನಿಂದ, "ಓದೋ ವಯಸ್ಸೇನ್ರಿ ಇದು, ಆರಾಮಾಗಿ ಸೀರಿಯಲ್ ನೋಡ್ಲಿ" ಎಂದ. ನಾನು ತಿರುಗಿ ಎರಡು ಮಾತು ಅಂದೆ. ಇಲ್ಲಿ ಬರೆಯುವಂಥದ್ದಲ್ಲ.

ಒಂದು ವಾರದ ಮೇಲೆ ಫಿಜಾ ತನ್ನ ಗೆಳತಿಯಿಂದ ಇನ್ನೊಂದು ಮಷೀನು ಕೇಳಿ ತಂದಳು. ಮೂರರಲ್ಲಿ ಇದೇ ಸಣ್ಣದು. ಬೆನ್ನಿಗೆ ಮೆತ್ತನೆಯ ಕರಿ ಪ್ಲಾಸ್ಟಿಕ್ಕು, ಪರದೆಗೆ ಹೊಳಪೇ ಇಲ್ಲ. ಅಚ್ಚಾದ ಕಾಗದ ನೋಡಿದಂತೆ ಕಾಣುತ್ತಿತ್ತು. ಕನ್ನಡ ಹಾಕಿದರೆ ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು. ಫಿಜಾ ಅಕ್ಷರವನ್ನು ಹಿಗ್ಗಿಸುತ್ತಾ ಹೋದಳು. ಒಂದು ಪುಟಕ್ಕೆ ಏಳೆಂಟು ಸಾಲು ಹಿಡಿಸುವಷ್ಟಾದಾಗ ಟೀಚರ್, "ಸಾಕು, ಅಲ್ಲೇ ನಿಲ್ಸು" ಎಂದರು. ಬೆಳಗಿನ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತು ಹಿಡಿದರು. ಬಿಸಿಲು ಬಿದ್ದಷ್ಟೂ ಅಕ್ಷರ ಎದ್ದು ಕಾಣುತ್ತಿತ್ತು.

ನಾನು ಬಾಗಿಲಲ್ಲಿ ನಿಂತು, "ಹೆಂಗೈತ್ರಿ ಟೀಚರ್?" ಎಂದೆ. ಅವರು ಪುಟ ತಿರುಗಿಸಿದರು. ಇನ್ನೊಮ್ಮೆ ಕೂಗಿದೆ. ತಲೆ ಎತ್ತದೆ, "ಓದೋರ್ನ ಮಾತಾಡಿಸಬ್ಯಾಡ, ಹೋಗು ಅತ್ಲಾಗೆ" ಎಂದು ರೇಗಿದರು. ಎರಡು ವರ್ಷದಿಂದ ಅವರು ಯಾರ ಮೇಲೂ ರೇಗಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಒಳಗೆ ಹೋಗಿ ಒಬ್ಬಳೇ ನಕ್ಕೆ.

ಫಿಜಾಳ ಗೆಳತಿ ವಾಪಸ್ ಕೇಳುವ ಹೊತ್ತಿಗೆ ಟೀಚರ್ ಒಂದು ದಪ್ಪ ಕಾದಂಬರಿ ಮುಗಿಸಿದ್ದರು. ಅಂಥದ್ದೇ ಹೊಸದೊಂದನ್ನು ತಮ್ಮ ದುಡ್ಡಿನಲ್ಲೇ ತರಿಸುವುದೆಂದು ತೀರ್ಮಾನವಾಯಿತು. ಆರ್ಡರ್ ಮಾಡಲು ನಾನು ಫೋನು ಹಿಡಿದು ಕೂತಿದ್ದೆ. ಅದೇ ಹೊತ್ತಿಗೆ ಅಶ್ವಥ್ ಎಂಬ ಹಳೆಯ ವಿದ್ಯಾರ್ಥಿ ಮನೆ ಹುಡುಕಿಕೊಂಡು ಬಂದ. ಈ ಕತೆ ಹಾಳಾಗಿದ್ದು ಅಲ್ಲಿಂದ.

ಅಶ್ವಥ್ ಹರಿಹರದಲ್ಲಿ ಸೈಟು ಮಾರುವ ವ್ಯವಹಾರ ಮಾಡುತ್ತಾನೆ. ಬಿಳಿ ಅಂಗಿ, ಕೈಗೆ ದಪ್ಪ ಕಡಗ. ಜೊತೆಗೆ ಶಬ್ಬೀರ್ ಬಂದಿದ್ದ, ಅವನದು ಹರಿಹರದ ಬಜಾರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಉಚ್ಚೆಂಗೆಮ್ಮ ಎಂಬ ಅಂಗನವಾಡಿ ಟೀಚರೂ ಬಂದಿದ್ದಳು. ಮೂವರೂ ಒಂದೇ ಬ್ಯಾಚು, ಶಹರ್ಬಾನು ಟೀಚರ ಕೈಯಲ್ಲಿ ಕಾಗುಣಿತ ತಿದ್ದಿಸಿಕೊಂಡವರು.

"ಟೀಚರ್, ನಮ್ ಬ್ಯಾಚಿನವ್ರೆಲ್ಲ ಸೇರಿ ನಿಮಗೆ ಗುರುವಂದನೆ ಮಾಡ್ತೀವ್ರಿ. ನೀವು ಇಲ್ಲ ಅನ್ನಂಗಿಲ್ಲ" ಎಂದ ಅಶ್ವಥ್. "ಏನಾರ ಒಂದು ಒಳ್ಳೇ ವಸ್ತು ಕೊಡ್ಬೇಕು ಅಂತ ಮಾಡೀವಿ. ಏನ್ ಬೇಕು ಹೇಳ್ರಿ."

"ನನಗ್ಯಾಕಪ್ಪ" ಎಂದರು ಟೀಚರ್. ಅವರದು ಅದೊಂದು ರೋಗ. ನಾನು ಸುಮ್ಮನಿರಲಿಲ್ಲ, ಓದುವ ಮಷೀನಿನ ವಿಷಯ ತೆಗೆದೆ. ಗೆಳತಿಗೆ ಇನ್ನೂ ಕೊಟ್ಟಿರಲಿಲ್ಲವಾದ್ದರಿಂದ ಫಿಜಾ ಅದನ್ನೇ ತಂದು ಅವರ ಕೈಗಿಟ್ಟಳು. ಟೀಚರಿಗೂ ಆಸೆ ತಡೆಯಲಿಲ್ಲ. ಪರದೆ ಹೇಗೆ ಹೊಳೆಯುವುದಿಲ್ಲ, ಅಕ್ಷರ ಹೇಗೆ ಹಿಗ್ಗುತ್ತದೆ ಎಲ್ಲವನ್ನೂ ತಾವೇ ತೋರಿಸಿದರು. "ಇದೇ ಆಗ್ಬೇಕು ನೋಡ್ರಪ್ಪ. ಬೆಳಕಿಂದು ನನ್ ಕಣ್ಣಿಗೆ ಆಗಂಗಿಲ್ಲ" ಎಂದು ಎರಡು ಸಲ ಹೇಳಿದರು. ನಾನು ಮೂರನೆಯ ಸಲ ಹೇಳಿದೆ.

"ಇದೇ ಕೊಡ್ತೀವ್ರಿ ಟೀಚರ್. ನೀವು ಮಾತ್ರ ತರಿಸಬ್ಯಾಡ್ರಿ, ನಮಗೆ ಅವಮಾನ" ಎಂದ ಅಶ್ವಥ್. ನಾನು ಫೋನು ಕೆಳಗಿಟ್ಟೆ. ಮರುದಿನ ಗೆಳತಿಯ ಮಷೀನು ವಾಪಸ್ ಹೋಯಿತು. ಸಮಾರಂಭದ ದಿನಾಂಕ ಎರಡು ಸಲ ಮುಂದೆ ಹೋಯಿತು. ಟೀಚರ್ ಮತ್ತೆ ನನ್ನ ಸ್ಟೂಲಿನ ಮೇಲೆ ಬಂದು ಕೂತರು. ಆದರೆ ಈ ಸಲ ಅವರ ಮುಖದಲ್ಲಿ ಬೇಸರವಿರಲಿಲ್ಲ. ಮೊದಲು ಯಾವುದನ್ನು ಓದಬೇಕು, ಆಮೇಲೆ ಯಾವುದನ್ನು ಎಂದು ಲೆಕ್ಕ ಹಾಕುತ್ತಿದ್ದರು.

ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ನಾನೂ ಫಿಜಾಳೂ ಟೀಚರ ಜೊತೆ ಹೋದೆವು. ವೇದಿಕೆಯ ಮೇಲೆ ಒಬ್ಬೊಬ್ಬರೂ ಮೈಕು ಹಿಡಿದರು. ಟೀಚರ್ ಹೊಡೆದ ಏಟಿನಿಂದಲೇ ತಾನು ಇವತ್ತು ಇಷ್ಟು ಬೆಳೆದೆ ಎಂದು ಒಬ್ಬ ಹೇಳಿದ. ಟೀಚರ್ ಯಾರಿಗೂ ಹೊಡೆದವರೇ ಅಲ್ಲ. ತಾನು ಎಷ್ಟು ಬಡಾವಣೆ ಮಾಡಿದೆ ಎಂದು ಅಶ್ವಥ್ ಹೇಳಿದ. ಎಲ್ಲರ ಮಾತಿನಲ್ಲೂ ಕೊನೆಗೆ ಒಂದು ಸಾಲು, ಇವರೇ ನಮಗೆ ಓದು ಕಲಿಸಿದವರು. ಈ ವರ್ಷ ನೀನು ಓದಿದ ಒಂದು ಕನ್ನಡ ಪುಸ್ತಕದ ಹೆಸರು ಹೇಳಪ್ಪ ಎಂದು ಎದ್ದು ಕೇಳಬೇಕು ಅನ್ನಿಸಿತು. ಫಿಜಾ ನನ್ನ ಸೆರಗು ಹಿಡಿದು ಕೂರಿಸಿದಳು.

ಆಮೇಲೆ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಬಂತು. ಅದರ ಗಾತ್ರ ನೋಡಿಯೇ ನನಗೆ ಅನುಮಾನ ಬಂತು. ಊಟದ ತಟ್ಟೆಯಷ್ಟಿತ್ತು. ಬಿಚ್ಚಿದರೆ ಅದೇ ಟ್ಯಾಬು. ಅಂಗಡಿಯವನು ಟೀಚರ ಮುಖಕ್ಕೆ ಹಿಡಿದಿದ್ದನಲ್ಲ, ಅಂಥದ್ದೇ, ಅದಕ್ಕಿಂತ ಒಂದು ಅಂಗುಲ ದೊಡ್ಡದು. ಅಶ್ವಥ್ ಅದನ್ನು ತಿರುಗಿಸಿ ಬೆನ್ನನ್ನು ಸಭಿಕರಿಗೆ ತೋರಿಸಿದ. ಬೆಳ್ಳಿಯ ಬಣ್ಣದ ಲೋಹದ ಮೇಲೆ, ಸ್ಟೀಲ್ ತಂಬಿಗೆಗೆ ಮದುವೆ ಮನೆಯವರ ಹೆಸರು ಹಾಕಿಸುತ್ತಾರಲ್ಲ, ಹಾಗೆ ಸಾಲು ಸಾಲಾಗಿ ಹೆಸರು ಕೆತ್ತಿತ್ತು. ಮೇಲೆ, "ಪ್ರೀತಿಯ ಶಹರ್ಬಾನು ಟೀಚರಿಗೆ." ಕೆಳಗೆ ದುಡ್ಡು ಹಾಕಿದ ಒಬ್ಬೊಬ್ಬರದೂ. ಅಶ್ವಥನದು ಉಳಿದವರದ್ದಕ್ಕಿಂತ ದಪ್ಪ. ಸಭೆ ಚಪ್ಪಾಳೆ ತಟ್ಟಿತು.

"ಟೀಚರ್, ಒಂದು ಪುಟ ಓದಿ ತೋರಿಸ್ರಿ, ವಿಡಿಯೋ ಮಾಡ್ತೀವಿ" ಎಂದ ಯಾರೋ. ಮೇಲೆ ವೇದಿಕೆಯ ದೀಪ, ಕೈಯಲ್ಲಿ ಟ್ಯಾಬಿನ ಬೆಳಕು. ಟೀಚರ್ ಹಿಡಿದು ನೋಡಿದರು. ತುಟಿ ಅಲುಗಿತು, ಒಂದು ಶಬ್ದವೂ ಹೊರಡಲಿಲ್ಲ. ಕಣ್ಣಲ್ಲಿ ನೀರು ಇಳಿಯಿತು. "ಟೀಚರ್ ಭಾವುಕರಾಗಿದ್ದಾರೆ!" ಎಂದು ಮೈಕಿನಲ್ಲಿ ಕೂಗಿದರು. ಮತ್ತೆ ಚಪ್ಪಾಳೆ. ಆ ವಿಡಿಯೋಗೆ ಪಿಟೀಲು ಸಂಗೀತ ಸೇರಿಸಿ ಎಲ್ಲ ಗುಂಪುಗಳಿಗೂ ಕಳಿಸಿದರು. ನನ್ನ ಫೋನಿಗೂ ನಾಲ್ಕು ಕಡೆಯಿಂದ ಬಂತು. ಥೂ ಎಂದು ಅಳಿಸಿದೆ, ಮತ್ತೆ ಬಂತು.

ಯಾಕೆ ಹೀಗಾಯಿತು ಎಂದು ಗೊತ್ತಾದದ್ದು ಉಚ್ಚೆಂಗೆಮ್ಮನಿಂದ. ಕಾರ್ಯಕ್ರಮವಾಗಿ ಕೆಲವು ದಿನಕ್ಕೆ ಅವಳು ಸೀರೆಗೆ ಫಾಲ್ ಹಚ್ಚಿಸುವ ನೆಪದಲ್ಲಿ ನನ್ನ ಹತ್ತಿರ ಬಂದಳು. ಪಾಪಪ್ರಜ್ಞೆ ಇತ್ತು ಅಂತ ಕಾಣುತ್ತದೆ.

"ಸಣ್ಣದನ್ನೇ ತಂದಿದ್ವಿ ಅಕ್ಕಾರ. ಟೀಚರ್ ಹೇಳಿದ್ದೇ, ಡಿಟ್ಟೋ" ಎಂದಳು. "ಹೆಸರು ಹಾಕ್ಸಾಣ ಅಂತ ಶಬ್ಬೀರನ ಅಂಗಡಿಗೆ ತಗಂಡು ಹೋದ್ವಿ. ಪಾತ್ರೆಗೆ ಹೆಸರು ಕೊರೀತಾನಲ್ಲ, ಆ ಮಷೀನು. ಆ ಪ್ಲಾಸ್ಟಿಕ್ ಮೇಲೆ ಮೂಡ್ಲಿಲ್ಲ. ಮೂಡಿದ್ರೂ ಅಷ್ಟು ಸಣ್ಣ ಬೆನ್ನಿಗೆ ಐದಾರು ಹೆಸರು ಹಿಡಿಸ್ತಿತ್ತು ಅಷ್ಟೇ. ಯಾರ್ದು ಹಾಕ್ಬೇಕು, ಯಾರ್ದು ಬಿಡ್ಬೇಕು? ಜಗಳ ಹತ್ತಿತು. ಒಬ್ಬ ರೊಕ್ಕ ವಾಪಸ್ ಕೊಡು ಅಂದ. ಅದಕ್ಕ ಅಶ್ವಥ, ಇದನ್ನ ವಾಪಸ್ ಕೊಟ್ಟು ದೊಡ್ಡದು ತರಾಣ, ಲೋಹದ್ದು ತರಾಣ, ಎಲ್ಲರ್ದೂ ಹಿಡಿಸ್ತೈತೆ ಅಂದ."

"ಟೀಚರ ಕಣ್ಣು?" ಎಂದೆ.

ಅವಳು ಸೀರೆಯ ಅಂಚು ತಿರುವುತ್ತಾ ಕೂತಳು. "ಅದೂ ಓದೋದೇ ಅಲ್ವಾ ಅಂದ್ರು. ನಾನು ಹೇಳ್ದೆ ಅಕ್ಕಾರ. ಗಟ್ಟಿಯಾಗಿ ಹೇಳ್ಲಿಲ್ಲ."

ನನಗೆ ಮೈ ಪರಚಿಕೊಳ್ಳುವಂತಾಯಿತು. ನಮ್ಮ ಜನಕ್ಕೆ ಇದೊಂದು ಚಟ. ಗುಡಿಗೆ ಟ್ಯೂಬ್‌ಲೈಟು ಕೊಟ್ಟರೆ ಬೆಳಕು ಬರುವ ಜಾಗದಲ್ಲೇ ಹೆಸರು ಬರೆಸುತ್ತಾರೆ, ಮಸೀದಿಗೆ ಫ್ಯಾನು ಕೊಟ್ಟರೆ ರೆಕ್ಕೆ ಮೇಲೆ ಬರೆಸುತ್ತಾರೆ. ಶಾಲೆಗೆ ಕೊಟ್ಟ ಬೆಂಚಿನಲ್ಲಿ ಹುಡುಗರು ಕೂತರೆ ಬೆನ್ನಿಗೆ ಯಾರದೋ ಅಪ್ಪನ ಹೆಸರು ಒತ್ತುತ್ತದೆ. ಅಲ್ಲಿಯವರೆಗೆ ಸಹಿಸಬಹುದು, ಫ್ಯಾನು ತಿರುಗುತ್ತದೆ, ಬೆಂಚು ಹೊರುತ್ತದೆ. ಆದರೆ ಅರ್ಧ ಕುರುಡಾಗುತ್ತಿರುವ ಹೆಂಗಸಿಗೆ ಯಾವುದು ಕಾಣುತ್ತದೆ ಎಂದು ನೋಡದೆ, ಯಾವುದರ ಬೆನ್ನು ಅಗಲ ಎಂದು ನೋಡಿ ಆರಿಸಿದರಲ್ಲ! ಉಚ್ಚೆಂಗೆಮ್ಮನಿಗೆ ಫಾಲ್ ಹಚ್ಚಿಕೊಟ್ಟೆ, ಕಾಫಿ ಕೊಡಲಿಲ್ಲ.

ಟ್ಯಾಬು ಮಾರಿ ಸಣ್ಣದು ತರಿಸೋಣ ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಕೆ.ಬಿ. ಬಡಾವಣೆಗೆ ಹೋದೆ. ಅದೇ ಅಂಗಡಿಯವನು ತಿರುಗಿಸಿ ಬೆನ್ನು ನೋಡಿ ನಕ್ಕ. "ಇಷ್ಟು ಜನದ ಹೆಸರು ಹೊತ್ಕಂಡಿರೋದ್ನ ಯಾರು ತಗಂತಾರ್ರಿ? ಚುನಾವಣೆಗೆ ನಿಂತೋರು ತಗಬೇಕು" ಎಂದ. ಮೊದಲ ಸಲ ಅವನ ಮಾತು ಸರಿ ಅನ್ನಿಸಿತು, ಟ್ಯಾಬನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಂದೆ.

"ಹೋಗ್ಲಿ, ನಿಮ್ ದುಡ್ಡಲ್ಲೇ ಸಣ್ಣದು ತರಿಸಾಣ" ಎಂದು ಟೀಚರಿಗೆ ಹೇಳಿದೆ.

"ಬ್ಯಾಡ ರೇಖಾ. ಹುಡುಗ್ರು ಬಂದು ನೋಡಿದ್ರೆ? ಅಷ್ಟು ಪ್ರೀತಿಯಿಂದ ಕೊಟ್ಟಾರೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರ್ದು."

"ಹಾಲು ಕೊಟ್ರೆ ತಾನೆ ಟೀಚರ್ ಹಸು ಅನ್ನೋದು!"

ಅವರು ನಕ್ಕರು, ಒಪ್ಪಲಿಲ್ಲ. ನುಜತ್ ಬೇರೆ, "ಇಷ್ಟು ದೊಡ್ಡದು ಇರುವಾಗ ಇನ್ನೊಂದು ಯಾಕೆ ಆಪಾ?" ಎಂದಳು. ನಿಜ ಹೇಳಬೇಕೆಂದರೆ ಆಗ ನನಗೆ ಆ ಹುಡುಗರಿಗಿಂತ ಟೀಚರ ಮೇಲೆಯೇ ಜಾಸ್ತಿ ಸಿಟ್ಟು ಬಂತು. ಜೀವನದಲ್ಲಿ ಒಂದೇ ಒಂದು ಆಸೆ ಇಟ್ಟುಕೊಂಡವರು ಅದನ್ನೂ ಬೇರೆಯವರ ಮುಖ ನೋಡಿ ಬಿಟ್ಟುಕೊಡುವುದು ದೊಡ್ಡ ಗುಣ ಎಂದು ನಾನು ಒಪ್ಪುವುದಿಲ್ಲ. ಅದೂ ಒಂದು ಥರದ ಅಸಹ್ಯವೇ.

ಟ್ಯಾಬು ಆ ಮನೆಯಲ್ಲಿ ಬೇರೆ ಬೇರೆ ಕೆಲಸಕ್ಕೆ ಒದಗಿತು. ನುಜತಳ ಅಕ್ಕನ ಮಕ್ಕಳು ಬಂದಾಗ ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲೇ ಅದರ ಮೇಲೆ ಕಾರ್ಟೂನು ತಿಕ್ಕುತ್ತಿದ್ದರು. ಪರದೆಯ ತುಂಬ ಎಣ್ಣೆ ಬೆರಳು, ಅಂಚಿನಲ್ಲಿ ಒಣಗಿದ ಖಾರ. ಅದು ಪುಸ್ತಕವನ್ನು ಓದಿಯೂ ಹೇಳುತ್ತದೆ ಎಂದು ಮುದಸ್ಸಿರ್ ಒಂದು ದಿನ ಹಾಕಿ ತೋರಿಸಿದ. ಒಂದು ಹೆಣ್ಣು ದನಿ, ಅಳುವ ಜಾಗವನ್ನೂ ನಗುವ ಜಾಗವನ್ನೂ ರೈಲು ಬರುವ ಸಮಯ ಹೇಳಿದಂತೆ ಒಂದೇ ಸಮ ಓದಿತು. ಟೀಚರ್ ಎರಡು ನಿಮಿಷ ಕೇಳಿ, "ಆರಿಸಪ್ಪ" ಎಂದರು. ಮತ್ತೆ ನನ್ನ ಸ್ಟೂಲಿಗೇ ಬಂದರು. ಈಗ ನಾನು ಪ್ಯಾರಾ ಹಾರಿಸಿದರೂ ಹಿಡಿಯುತ್ತಿರಲಿಲ್ಲ. ಹಿಡಿಯುವುದನ್ನು ಬಿಟ್ಟದ್ದು ನನಗೆ ಭಯ ಹುಟ್ಟಿಸಿತು.

ರಂಜಾನ್ ಹಬ್ಬ ಬಂತು. ಪ್ರತಿ ವರ್ಷ ಹಬ್ಬಕ್ಕೆ ಹರಿಹರದ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರು ಬಂದು ಸುರ್ಕುಂಬಾ ಕುಡಿದು ಹೋಗುತ್ತಾರೆ. ಈ ಸಲ ಅಶ್ವಥ್ ಒಂದು ದಂಡನ್ನೇ ಕಟ್ಟಿಕೊಂಡು ಬಂದ. ಶಬ್ಬೀರನೂ ಉಚ್ಚೆಂಗೆಮ್ಮನೂ ಇದ್ದರು. ನುಜತ್ ಒಬ್ಬಳಿಗೇ ಸುಧಾರಿಸುವುದಿಲ್ಲ ಎಂದು ನಾನು ಬಟ್ಟಲು ಹಂಚುತ್ತಿದ್ದೆ. ಹಾಲಿನಲ್ಲಿ ಶಾವಿಗೆ, ಉತ್ತತ್ತಿ, ಬಾದಾಮಿ. ಕುಡಿದವರೆಲ್ಲ ಆಹಾ ಎಂದರು.

"ಟೀಚರ್, ನಮ್ ಗಿಫ್ಟ್ ಎಲ್ಲೈತ್ರಿ? ಓದ್ತೀರೋ ಇಲ್ಲೋ?" ಎಂದ ಅಶ್ವಥ್. "ತಗಂಡು ಬರ್ರಿ, ಒಂದು ವಿಡಿಯೋ ಮಾಡಾಣ. ಮುಂದಿನ ತಿಂಗಳು ಇನ್ನೊಬ್ರು ಟೀಚರಿಗೆ ಮಾಡೋದೈತೆ. ಅವರ್ದೂ ಕಣ್ಣು ಮಂಜಂತೆ, ಇಂಥದ್ದೇ ಕೊಡ್ತೀವಿ. ನಿಮ್ ವಿಡಿಯೋ ಹಾಕಿದ್ರೆ ಎಲ್ಲಾರೂ ರೊಕ್ಕ ಕೊಡ್ತಾರೆ."

ನಾನು ಟೀಚರ ಮುಖ ನೋಡಿದೆ. "ಇಂಥದ್ದೇ ಕೊಡ್ತೀರಾ?" ಎಂದು ಮೆತ್ತಗೆ ಕೇಳಿದರು. "ಹೂಂ ಮತ್ತೆ" ಎಂದ ಅವನು. ಟೀಚರ್ ಫಿಜಾಳಿಂದ ಟ್ಯಾಬು ತರಿಸಿದರು. ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದರು. ನಾಲ್ಕಾರು ಫೋನುಗಳು ಮೇಲೆದ್ದವು. ಅವರು ಅದನ್ನು ಆನ್ ಮಾಡಲಿಲ್ಲ. ತಿರುಗಿಸಿ ಬೆನ್ನು ಮೇಲೆ ಮಾಡಿದರು. ತೋರುಬೆರಳನ್ನು ಕೆತ್ತಿದ ಅಕ್ಷರಗಳ ಮೇಲೆ ಆಡಿಸುತ್ತಾ ಓದತೊಡಗಿದರು.

"ಅಶ್ವಥ್ ಕೆ.," ಎಂದರು. ಬೆರಳು ಕೆಳಗಿಳಿಯಿತು. "ಶಬ್ಬೀರ್ ಅಹ್ಮದ್."

"ಹಾಜರ್, ಟೀಚರ್!" ಎಂದು ಶಬ್ಬೀರ್ ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು. ಮುಂದಿನ ಹೆಸರಿಗೂ ಯಾರೋ ಹಾಜರ್ ಎಂದರು. ಅವರಿಗೆ ಅದು ಆಟವಾಯಿತು. ಟೀಚರ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಒಂದೊಂದು ಹೆಸರನ್ನೂ ತಡಕಿ, ಗುರುತಿಸಿ, ಕೊನೆಯ ಹೆಸರಿನವರೆಗೂ ಓದಿದರು. "ಉಚ್ಚೆಂಗೆಮ್ಮ" ಎಂದಾಗ ಅವಳು ಹಾಜರ್ ಅನ್ನಲಿಲ್ಲ, ತಲೆ ತಗ್ಗಿಸಿದಳು.

"ಸೂಪರ್ ಟೀಚರ್. ಈಗ ಹಿಂದಿಂದು ಬ್ಯಾಡ, ಮುಂದಿಂದು ಓದ್ರಿ" ಎಂದ ಅಶ್ವಥ್, ಫೋನನ್ನು ಇನ್ನೂ ಹತ್ತಿರ ತಂದು.

"ಮುಂದಿಂದು ನನಗೆ ಓದಾಕ ಆಗಂಗಿಲ್ಲಪ್ಪ" ಎಂದರು ಟೀಚರ್. "ನೀವು ಕೊಟ್ಟ ದಿನದಿಂದ ಒಂದು ಸಾಲೂ ಓದಾಕ ಆಗಿಲ್ಲ. ಬೆಳಕು ಕಣ್ಣಿಗೆ ಚುಚ್ಚತೈತೆ. ನಾ ಅವತ್ತು ಅತ್ತಿದ್ದಲ್ಲ, ಕಣ್ಣು ಉರಿದು ನೀರು ಬಂದಿದ್ದು. ಇದ್ರಾಗ ನನಗೆ ಓದಾಕ ಬರೋದು ನಿಮ್ ಹೆಸರು ಅಷ್ಟೇ. ಅದೂ ಬೆರಳಿಂದ."

ಫೋನುಗಳು ಒಂದೊಂದಾಗಿ ಕೆಳಗಿಳಿದವು. ಶಬ್ಬೀರ್ ತನ್ನ ಬಟ್ಟಲಿನ ತಳದಲ್ಲಿ ಶಾವಿಗೆ ಹುಡುಕತೊಡಗಿದ.

"ಮೊದ್ಲೇ ಹೇಳ್ಬೇಕಿತ್ತಲ್ರಿ ಟೀಚರ್" ಎಂದ ಅಶ್ವಥ್.

ನನಗೆ ತಡೆಯಲಾಗಲಿಲ್ಲ. "ಮೂರು ಸಲ ಹೇಳಿದ್ವಲ್ಲೋ!" ಎಂದೆ. ಕೈಯಲ್ಲಿದ್ದ ಸೌಟನ್ನೇ ಅವನತ್ತ ಚಾಚಿದ್ದೆ. ಟೀಚರ್ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ತರಗತಿಯಲ್ಲಿ ಹಾಗೇ ಎತ್ತುತ್ತಿದ್ದರೇನೋ, ಆ ದಂಡಿಗೆ ದಂಡೇ ನೆಟ್ಟಗೆ ಕೂತಿತು.

"ಆ ಇನ್ನೊಬ್ರು ಟೀಚರಿಗೆ ಏನ್ ಕಾಣ್ತೈತೆ ಅಂತ ಅವರ್ನೇ ಕೇಳಿ ಕೊಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ರೇಖಾ, ಆ ಸಣ್ಣದನ್ನ ಇವತ್ತೇ ತರಿಸವ್ವ. ನನ್ ದುಡ್ಡಲ್ಲೇ" ಎಂದರು.

ಅಶ್ವಥನ ಮುಖ ಕೆಂಪಾಯಿತು. "ಛೇ, ನೀವ್ಯಾಕ ಟೀಚರ್? ನಾವೇ ಕೊಡಸ್ತೀವಿ. ಎಲ್ಲಾರೂ ಸೇರಿ ಇನ್ನೊಂದ್ಸಲ…"

"ಬ್ಯಾಡಪ್ಪ" ಎಂದರು ಟೀಚರ್. "ಅದರ ಬೆನ್ನು ಸಣ್ಣದು. ನೀವೆಲ್ಲಾರೂ ಹಿಡಿಸಂಗಿಲ್ಲ."

ಅವನು ಬಟ್ಟಲು ಕೆಳಗಿಟ್ಟ. ನಾನು ಸೌಟು ನುಜತಳ ಕೈಗೆ ಕೊಟ್ಟು ಫೋನು ತೆಗೆದುಕೊಂಡೆ.